ಯುಗಾದಿಯ ಕೈತೋಟಕ್ಕೆ ಸಂಕ್ರಾಂತಿಯ ಬೀಜ: ಮೊದಲು ನೀರಿನ ಲೆಕ್ಕ, ಆಮೇಲೆ ಕುಂಡದ ಲೆಕ್ಕ

ಸಂಕ್ರಾಂತಿ ಕಳೆದು ಚಳಿಯ ಬಿಗಿ ಸಡಿಲಗೊಳ್ಳುತ್ತಿದ್ದಂತೆ ನಗರಗಳಲ್ಲಿ ಕೈತೋಟದ ಉತ್ಸಾಹ ಚಿಗುರುತ್ತದೆ. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನ ನೋಡಿ ಬಂದವರ ಕೈಚೀಲದಲ್ಲಿ ನಾಲ್ಕಾರು ಬೀಜದ ಪೊಟ್ಟಣಗಳಿರುವುದು ಸಾಮಾನ್ಯ. ತಾರಸಿಯಲ್ಲಿ, ಬಾಲ್ಕನಿಯಲ್ಲಿ, ಹಿತ್ತಿಲಿನ ಅಂಗೈಯಗಲ ಜಾಗದಲ್ಲಿ ಬಿತ್ತನೆ ನಡೆಯುತ್ತದೆ. ಸಸಿಗಳೂ ಚೆನ್ನಾಗಿಯೇ ಏಳುತ್ತವೆ. ಆದರೆ ಯುಗಾದಿ ಕಳೆಯುವ ವೇಳೆಗೆ ಅನೇಕ ಮನೆಗಳಲ್ಲಿ ಅದೇ ಗಿಡಗಳು ಎಲೆ ಮುದುಡಿ, ಹೂ ಉದುರಿಸಿ, ಸೊರಗಿ ನಿಲ್ಲುತ್ತವೆ. ಆಗ ಬೀಜವನ್ನೋ ಗೊಬ್ಬರವನ್ನೋ ದೂರುವುದು ವಾಡಿಕೆ. ನಿಜವಾದ ದೋಷ ಬಹಳಷ್ಟು ಸಲ ಯೋಜನೆಯಲ್ಲಿರುತ್ತದೆ. ಜನವರಿಯ ತಂಪಿನಲ್ಲಿ ಕುಳಿತು ಮಾಡಿದ ಲೆಕ್ಕ ಏಪ್ರಿಲ್‌ನ ಬಿಸಿಲಿಗೆ ಹೊಂದುವುದಿಲ್ಲ.

ಹಿಮದ ಲೆಕ್ಕ ನಮ್ಮದಲ್ಲ

ಕೈತೋಟದ ಬಗೆಗಿನ ಇಂಗ್ಲಿಷ್ ಪುಸ್ತಕಗಳೂ ವಿಡಿಯೋಗಳೂ ಬಹುಪಾಲು ಬ್ರಿಟನ್, ಅಮೆರಿಕದಂತಹ ಚಳಿ ದೇಶಗಳಿಗಾಗಿ ಸಿದ್ಧವಾದಂಥವು. ಅಲ್ಲಿ ಚಳಿಗಾಲದ ಕೊನೆಯ ಹಿಮ ಬೀಳುವ ದಿನವನ್ನು ಅಂದಾಜು ಮಾಡಿ, ಅದಕ್ಕೆ ಆರೆಂಟು ವಾರ ಮೊದಲು ಮನೆಯೊಳಗೆ ಬೀಜ ಬಿತ್ತುತ್ತಾರೆ. ಹಿಮ ನಿಂತ ಮೇಲೆ ಸಸಿಯನ್ನು ಹೊರಗೆ ನೆಡುತ್ತಾರೆ. ಅಲ್ಲಿನ ವಸಂತ ಎಂದರೆ ಬೆಳೆಯ ಆರಂಭ.

ನಮ್ಮಲ್ಲಿ ಹಾಗಿಲ್ಲ. ಚೈತ್ರದ ಚಿಗುರು ಮಾವು, ಹೊಂಗೆ, ಬೇವಿನಂತಹ ಆಳಕ್ಕೆ ಬೇರಿಳಿಸಿದ ಮರಗಳಿಗೆ ಸಂಭ್ರಮ. ಒಂದಡಿ ಕುಂಡದಲ್ಲಿರುವ ಟೊಮೆಟೊ ಗಿಡಕ್ಕೆ ಅದು ಪರೀಕ್ಷೆಯ ಕಾಲ. ಹಗಲಿನ ಉಷ್ಣಾಂಶ ಸುಮಾರು 35 ಡಿಗ್ರಿ ದಾಟಿ, ರಾತ್ರಿಯೂ ತಂಪಾಗದಿದ್ದರೆ ಟೊಮೆಟೊ ಹೂಗಳು ಕಾಯಿ ಕಚ್ಚದೆ ಉದುರುತ್ತವೆ. ತಂಪಿನ ಊರೆಂದು ಹೆಸರಾದ ಬೆಂಗಳೂರಿನಲ್ಲಿಯೇ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ದಾಖಲಾಗಿತ್ತು. ಆದ್ದರಿಂದ ನಾವು ಹಿಂದಕ್ಕೆ ಎಣಿಸಬೇಕಾದುದು ಹಿಮದಿಂದಲ್ಲ, ಬಿರುಬಿಸಿಲಿನಿಂದ.

ಲೆಕ್ಕ ಸರಳ. ಟೊಮೆಟೊ ಬೀಜ ಬಿತ್ತಿದ 25ರಿಂದ 30 ದಿನಕ್ಕೆ ಸಸಿ ನಾಟಿಗೆ ಸಿದ್ಧವಾಗುತ್ತದೆ. ನಾಟಿಯಾದ ಎರಡು ತಿಂಗಳ ಆಸುಪಾಸಿನಲ್ಲಿ ಮೊದಲ ಹಣ್ಣು ಬರುತ್ತದೆ. ಸಂಕ್ರಾಂತಿಯ ವೇಳೆಗೆ ಬಿತ್ತಿದರೆ ಫೆಬ್ರವರಿ ಮಧ್ಯದಲ್ಲಿ ನಾಟಿ, ಮಾರ್ಚ್‌ನಲ್ಲಿ ಹೂ, ಏಪ್ರಿಲ್‌ನಲ್ಲಿ ಹಣ್ಣು. ಅದೇ ಬೀಜವನ್ನು ಯುಗಾದಿಗೆ ಬಿತ್ತಿದರೆ, ಎಳೆಯ ಸಸಿ ಬೇರೂರಬೇಕಾದ ದಿನಗಳೇ ವರ್ಷದ ಅತ್ಯಂತ ಬಿಸಿಯ ದಿನಗಳಾಗುತ್ತವೆ.

ಈ ಲೆಕ್ಕ ಬೆಂಗಳೂರು, ಮೈಸೂರು, ತುಮಕೂರಿನ ಕಡೆಗೆ ಹೊಂದುವಂಥದ್ದು. ಕಲಬುರಗಿ, ರಾಯಚೂರು, ವಿಜಯಪುರದಲ್ಲಿ ಬಿಸಿಲು ಬೇಗ ಏರುವುದರಿಂದ ಟೊಮೆಟೊ ಸಸಿಯನ್ನು ಡಿಸೆಂಬರ್‌ನಲ್ಲೇ ಎಬ್ಬಿಸುವುದು ಲೇಸು. ಜನವರಿಯ ನಂತರ ಬೆಂಡೆ, ಚವಳಿ, ಹೀರೆಯಂತಹ ಬಿಸಿಲು ತಾಳುವ ಬೆಳೆಗಳಿಗೆ ಸೀಮಿತಗೊಳ್ಳಬೇಕು. ಕರಾವಳಿಯಲ್ಲಿ ಅಲಸಂಡೆ, ಮುಳ್ಳುಸೌತೆ, ಬೆಂಡೆ, ಹರಿವೆಗಳೇ ಬೇಸಿಗೆಯ ನಂಬಿಕಸ್ಥ ಬೆಳೆಗಳು. ಮಲೆನಾಡಿನಲ್ಲಿ ಜನವರಿಯ ರಾತ್ರಿಗಳು ತಣ್ಣಗಿರುವುದರಿಂದ ಮೊಳಕೆ ನಿಧಾನ. ಸಸಿಮಡಿಯನ್ನು ರಾತ್ರಿ ಮನೆಯೊಳಗೆ ತಂದಿಡುವುದು ಉತ್ತಮ.

ನೀರೆಷ್ಟು, ಗಿಡವೂ ಅಷ್ಟೇ

ಎಷ್ಟು ಜಾಗವಿದೆ ಎಂದು ನೋಡಿ ಕುಂಡಗಳ ಸಂಖ್ಯೆ ನಿರ್ಧರಿಸುವುದು ರೂಢಿ. ಬೇಸಿಗೆಯ ತೋಟಕ್ಕೆ ಈ ಕ್ರಮ ತಲೆಕೆಳಗಾಗಬೇಕು: ಏಪ್ರಿಲ್‌ನಲ್ಲಿ ದಿನಕ್ಕೆ ಎಷ್ಟು ನೀರು ಕೊಡಬಲ್ಲೆವು ಎಂಬುದೇ ಮೊದಲ ಪ್ರಶ್ನೆ.

ಇದು ಉಳಿತಾಯದ ಉಪದೇಶ ಮಾತ್ರವಲ್ಲ. 2024ರ ಬೇಸಿಗೆಯಲ್ಲಿ ನೀರಿನ ಬಿಕ್ಕಟ್ಟು ತಲೆದೋರಿದಾಗ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ವಾಹನ ತೊಳೆಯಲು, ಕಟ್ಟಡ ನಿರ್ಮಾಣಕ್ಕೆ ಹಾಗೂ ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ನಿಗದಿಪಡಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಗೊಂಡರೂ, 2025ರ ಫೆಬ್ರವರಿಯಲ್ಲಿ ಇಂಥದೇ ನಿರ್ಬಂಧ ಮತ್ತೆ ಹೊರಬಿತ್ತು. ಸುಮಾರು ನೂರು ಕಿಲೋಮೀಟರ್ ದೂರದಿಂದ ಎತ್ತರಕ್ಕೆ ಪಂಪ್ ಮಾಡಿ ತರುವ ನೀರಿನಲ್ಲಿ ಕುಂಡದ ಗಿಡಗಳಿಗೆ ಕೊನೆಯ ಪಾಲೂ ಸಿಗದಿರಬಹುದು. ನಲ್ಲಿ ನೀರನ್ನೇ ನಂಬಿದ ತೋಟಕ್ಕೆ ಮಾರ್ಚ್‌ನಲ್ಲಿ ಆಧಾರ ತಪ್ಪಿದರೆ ಎರಡು ತಿಂಗಳ ಶ್ರಮ ವಾರದೊಳಗೆ ಒಣಗುತ್ತದೆ.

ಹಾಗಾದರೆ ನೀರು ಎಲ್ಲಿಂದ? ಅಕ್ಕಿ, ಬೇಳೆ, ತರಕಾರಿ, ಸೊಪ್ಪು ತೊಳೆದ ನೀರು ಸೋಪಿನ ಸೋಂಕಿಲ್ಲದೆ ದಿನವೂ ಚರಂಡಿ ಸೇರುತ್ತದೆ. ಮೂರು ದಿನ ಅದನ್ನು ಬಕೆಟ್‌ನಲ್ಲಿ ಹಿಡಿದು ಅಳೆಯಿರಿ. ನೀರು ಶುದ್ಧೀಕರಣ ಯಂತ್ರದಿಂದ ಹೊರಬೀಳುವ ನೀರೂ ಇದೆ. ಆದರೆ ಅದರಲ್ಲಿ ಲವಣಾಂಶ ಹೆಚ್ಚು. ವಿಶೇಷವಾಗಿ ಕೊಳವೆಬಾವಿಯ ನೀರಿರುವ ಮನೆಗಳಲ್ಲಿ ಅದನ್ನೇ ನಿತ್ಯ ಹಾಕಿದರೆ ಮಣ್ಣಿನ ಮೇಲೆ ಬಿಳಿಯ ಪದರ ಕಟ್ಟಿ, ಎಲೆಯ ಅಂಚು ಸುಡುತ್ತದೆ. ಬೇರೆ ನೀರಿನೊಂದಿಗೆ ಬೆರೆಸಿ ಬಳಸುವುದು ಕ್ಷೇಮ.

ಒಂದಡಿ ಅಗಲದ ಕುಂಡದಲ್ಲಿ ಬೆಳೆದು ನಿಂತ ಟೊಮೆಟೊ ಅಥವಾ ಬದನೆ ಗಿಡ ಏಪ್ರಿಲ್‌ನಲ್ಲಿ ದಿನಕ್ಕೆ ಸುಮಾರು ಎರಡು ಲೀಟರ್ ನೀರು ಬೇಡುತ್ತದೆ. ಮೆಣಸಿನ ಗಿಡಕ್ಕೆ, ಸೊಪ್ಪಿನ ಒಂದು ತಟ್ಟೆಗೆ ತಲಾ ಒಂದು ಲೀಟರ್ ಸಾಕು. ನಿಮ್ಮ ಅಡುಗೆಮನೆಯಿಂದ ದಿನಕ್ಕೆ 12 ಲೀಟರ್ ನೀರು ಸಿಗುವುದಾದರೆ, ಎರಡು ಟೊಮೆಟೊ, ಒಂದು ಬದನೆ, ಒಂದು ಹಾಗಲ ಬಳ್ಳಿ, ಎರಡು ಮೆಣಸಿನ ಗಿಡ, ಎರಡು ತಟ್ಟೆ ಹರಿವೆ ಸೊಪ್ಪು: ಅಲ್ಲಿಗೆ ಲೆಕ್ಕ ಮುಗಿಯಿತು. ಇಪ್ಪತ್ತು ಕುಂಡಗಳ ಆಸೆಯನ್ನು ಮಳೆಗಾಲಕ್ಕೆ ಮುಂದೂಡಬಹುದು. ಬಾಯಾರಿದ ಇಪ್ಪತ್ತು ಗಿಡಗಳಿಗಿಂತ ತಣಿದ ಎಂಟು ಕುಂಡಗಳು ಹೆಚ್ಚು ಫಲ ಕೊಡುತ್ತವೆ.

ಸೂರ್ಯ ಸ್ಥಳ ಬದಲಿಸುತ್ತಾನೆ

ಜನವರಿಯಲ್ಲಿ ಹದವಾದ ಬಿಸಿಲು ಬೀಳುವ ಜಾಗವನ್ನು ನೋಡಿ ಕುಂಡ ಇಟ್ಟರೆ ಏಪ್ರಿಲ್‌ನಲ್ಲಿ ಅಚ್ಚರಿ ಕಾದಿರುತ್ತದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ದಕ್ಷಿಣದ ಬಾಲ್ಕನಿಯೊಳಗೆ ಬಿಸಿಲು ಆಳವಾಗಿ ಚಾಚುತ್ತದೆ. ಉತ್ತರಾಯಣ ಸಾಗಿದಂತೆ ಸೂರ್ಯ ಮೇಲೇರುತ್ತಾನೆ. ಏಪ್ರಿಲ್ 24ರ ಸುಮಾರಿಗೆ ಬೆಂಗಳೂರಿನಲ್ಲಿ ಮಧ್ಯಾಹ್ನ ನೇರ ನೆತ್ತಿಯ ಮೇಲಿರುತ್ತಾನೆ. ಅದನ್ನೇ ಶೂನ್ಯ ನೆರಳಿನ ದಿನ ಎನ್ನುತ್ತಾರೆ. ರಾಜ್ಯದ ಉತ್ತರ ಭಾಗದಲ್ಲಿ ಈ ದಿನ ಮೇ ತಿಂಗಳಲ್ಲಿ ಬರುತ್ತದೆ.

ಇದರ ಪರಿಣಾಮ ಎರಡು ಬಗೆ. ಮೇಲ್ಛಾವಣಿಯಿರುವ ದಕ್ಷಿಣದ ಬಾಲ್ಕನಿಗೆ ಬಿಸಿಲು ಕ್ರಮೇಣ ಕಡಿಮೆಯಾಗಿ ಟೊಮೆಟೊ ಸೊರಗುತ್ತದೆ. ತೆರೆದ ತಾರಸಿಯಲ್ಲಿ ನೆತ್ತಿಯ ಬಿಸಿಲು ಗಿಡವನ್ನು ಬೇಯಿಸುತ್ತದೆ. ಕಾಯಿ ಬಿಡುವ ಗಿಡಗಳಿಗೆ ದಿನಕ್ಕೆ ಆರು ಗಂಟೆ ಬಿಸಿಲು ಬೇಕು, ಸೊಪ್ಪುಗಳಿಗೆ ಮೂರು ನಾಲ್ಕು ಗಂಟೆ ಸಾಕು. ಆದ್ದರಿಂದ ಬಾಲ್ಕನಿಯಾದರೆ ಬೆಳಗಿನ ಬಿಸಿಲು ಬೀಳುವ ಪೂರ್ವದ ಬದಿ ಮೇಲು. ತಾರಸಿಯಾದರೆ ಪಶ್ಚಿಮದ ಕಡೆ ಹಾಗಲ, ಹೀರೆಯ ಬಳ್ಳಿ ಹಬ್ಬಿಸಿ, ಅದರ ನೆರಳಿನಲ್ಲಿ ಸೊಪ್ಪಿನ ತಟ್ಟೆಗಳನ್ನಿಡಬಹುದು. ನೀರು ಕುಡಿದ ಒಂದಡಿ ಕುಂಡ ಇಪ್ಪತ್ತು ಕಿಲೋ ಮೀರಬಲ್ಲದು. ತಾರಸಿಯ ನಡುವೆ ರಾಶಿ ಹಾಕದೆ, ಗೋಡೆ ಮತ್ತು ತೊಲೆಗಳಿರುವ ಸಾಲಿನಲ್ಲಿ, ನೆಲಕ್ಕೆ ತಾಗದಂತೆ ಎತ್ತರಿಸಿ ಇಡಬೇಕು.

ಬೀಜ ಕೊಳ್ಳುವ ಮುನ್ನ

ಪೊಟ್ಟಣದ ಮೇಲಿನ ಬಣ್ಣದ ಚಿತ್ರಕ್ಕಿಂತ ಹಿಂಬದಿಯ ಸಣ್ಣ ಅಕ್ಷರಗಳು ಮುಖ್ಯ. ಪರೀಕ್ಷೆ ನಡೆದ ದಿನಾಂಕ, ಬಳಕೆಯ ಅವಧಿ, ಮೊಳಕೆಯ ಶೇಕಡಾ ಪ್ರಮಾಣ ಅಲ್ಲಿರುತ್ತವೆ. ದೃಢೀಕೃತ ಬೀಜಕ್ಕೆ ನಿಗದಿಯಾದ ಕನಿಷ್ಠ ಮೊಳಕೆ ಪ್ರಮಾಣ ಟೊಮೆಟೊ, ಬದನೆಗೆ ಶೇ. 70, ಬೆಂಡೆಗೆ ಶೇ. 65, ಮೆಣಸಿಗೆ ಶೇ. 60. ಅಂದರೆ ಒಳ್ಳೆಯ ಬೀಜದಲ್ಲಿಯೂ ಹತ್ತರಲ್ಲಿ ಮೂರು ನಾಲ್ಕು ಮೊಳೆಯದಿರಬಹುದು. ಬೇಕಾದ ಸಸಿಗಳ ಒಂದೂವರೆ ಪಟ್ಟು ಬಿತ್ತುವುದು ವಾಡಿಕೆಯಾಗಿರುವುದು ಇದಕ್ಕಾಗಿಯೇ.

ಮನೆಯಲ್ಲಿ ಕಳೆದ ವರ್ಷದ ಬೀಜ ಉಳಿದಿದ್ದರೆ ಎಸೆಯಬೇಕಿಲ್ಲ. ಹತ್ತು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು ಹತ್ತು ದಿನ ನೋಡಿ. ಆರಕ್ಕಿಂತ ಹೆಚ್ಚು ಮೊಳೆತರೆ ಧೈರ್ಯವಾಗಿ ಬಿತ್ತಬಹುದು. ಟೊಮೆಟೊ, ಬದನೆ, ಸೌತೆ ಬೀಜಗಳು ತಂಪಾದ ಒಣ ಜಾಗದಲ್ಲಿ ಕೆಲವು ವರ್ಷ ಬಾಳುತ್ತವೆ. ಈರುಳ್ಳಿ ಬೀಜ ಒಂದು ವರ್ಷ ಕಳೆದರೆ ನಂಬುವಂತಿಲ್ಲ. ಗುಲಾಬಿ, ನೀಲಿ ಬಣ್ಣ ಲೇಪಿಸಿದ ಬೀಜಗಳು ಔಷಧೋಪಚಾರವಾದಂಥವು; ಮಕ್ಕಳ ಕೈಗೆ ಸಿಗಬಾರದು.

ಬೇಸಿಗೆಯಲ್ಲಿ ತಳಿಯ ಆಯ್ಕೆ ಹೆಚ್ಚು ಮಹತ್ವದ್ದು. ಬಿಸಿ ಏರಿದಂತೆ ಬಿಳಿನೊಣಗಳು ಹೆಚ್ಚಿ ಟೊಮೆಟೊಗೆ ಎಲೆ ಮುದುಡು ರೋಗವನ್ನೂ ಬೆಂಡೆಗೆ ಹಳದಿ ನಂಜು ರೋಗವನ್ನೂ ಹರಡುತ್ತವೆ. ಇವು ವೈರಸ್ ರೋಗಗಳಾದ್ದರಿಂದ ಬಂದ ಮೇಲೆ ಔಷಧವಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಎಲೆ ಮುದುಡು ರೋಗವೂ ಸೇರಿದಂತೆ ಮೂರು ರೋಗಗಳನ್ನು ತಡೆದುಕೊಳ್ಳುವ ‘ಅರ್ಕಾ ರಕ್ಷಕ್’ ಟೊಮೆಟೊ, ಹಳದಿ ನಂಜನ್ನು ಎದುರಿಸಲೆಂದು ‘ಅರ್ಕಾ ಅನಾಮಿಕ’ ಬೆಂಡೆ, ಮತ್ತೆ ಮತ್ತೆ ಕೊಯ್ಯಬಹುದಾದ ‘ಅರ್ಕಾ ಸುಗುಣ’ ಹರಿವೆಗಳನ್ನು ಅಭಿವೃದ್ಧಿಪಡಿಸಿದೆ.

ಸಸಿಮಡಿಯ ಶಿಸ್ತು

ಟೊಮೆಟೊ, ಬದನೆ, ಮೆಣಸುಗಳನ್ನು ಸಸಿ ಮಾಡಿ ನಾಟಿ ಮಾಡಬೇಕು. ಬೆಂಡೆ, ಹುರುಳಿಕಾಯಿ, ಮೂಲಂಗಿ, ಸೊಪ್ಪುಗಳನ್ನು ಬೆಳೆಯುವ ಜಾಗದಲ್ಲಿಯೇ ಬಿತ್ತಬೇಕು. ಬೇರು ಕದಲಿದರೆ ಇವು ಮುನಿಯುತ್ತವೆ. ಬಳ್ಳಿ ಜಾತಿಯವನ್ನು ಕಾಗದದ ಲೋಟದಲ್ಲಿ ಮೊಳೆಯಿಸಿ, ಬೇರಿನ ಮಣ್ಣು ಒಡೆಯದಂತೆ ನೆಡಬಹುದು.

ಸಸಿಮಡಿಗೆ ತೋಟದ ಮಣ್ಣು ಬೇಡ. ಕೊಕೊಪೀಟ್ ಎಂದು ದೊರೆಯುವ ತೆಂಗಿನ ನಾರಿನ ಪುಡಿಯನ್ನು ಒಂದೆರಡು ಸಲ ತೊಳೆದು, ಎರಡು ಪಾಲಿಗೆ ಒಂದು ಪಾಲು ಎರೆಗೊಬ್ಬರ ಬೆರೆಸಿದರೆ ಸಾಕು. ಪ್ರೋಟ್ರೇ ಇಲ್ಲದಿದ್ದರೆ ತಳಕ್ಕೆ ತೂತು ಕೊರೆದ ಕಾಗದದ ಲೋಟಗಳೂ ಆದೀತು. ಬೀಜವನ್ನು ಅದರ ದಪ್ಪದ ಎರಡು ಮೂರು ಪಟ್ಟು ಆಳಕ್ಕಿಂತ ಕೆಳಗೆ ಇಳಿಸಬಾರದು. ಹರಿವೆಯಂತಹ ಸಣ್ಣ ಬೀಜವನ್ನು ಮರಳಿನೊಂದಿಗೆ ಬೆರೆಸಿ ಉದುರಿಸಿ, ಇರುವೆ ಹೊತ್ತೊಯ್ಯದಂತೆ ಸುತ್ತ ಬೂದಿ ಎರಚಬೇಕು. ಹಾಗಲದ ಗಟ್ಟಿ ಬೀಜವನ್ನು ರಾತ್ರಿಯಿಡೀ ನೆನೆಸಿ, ಕೊತ್ತಂಬರಿಯನ್ನು ಉಜ್ಜಿ ಎರಡು ಹೋಳಾಗಿಸಿ ಬಿತ್ತಬೇಕು.

ಟೊಮೆಟೊ ಒಂದು ವಾರದೊಳಗೆ ತಲೆಯೆತ್ತುತ್ತದೆ. ಮೆಣಸು ಹತ್ತು ಹನ್ನೆರಡು ದಿನ ಕಾಯಿಸಬಹುದು. ಮೊಳೆಯುವ ತನಕ ನೆರಳಿನಲ್ಲಿದ್ದರೂ ನಡೆದೀತು. ಮೊಳಕೆ ಕಂಡ ದಿನವೇ ಬೆಳಕಿಗೆ ತರಬೇಕು. ಕಿಟಕಿಯ ಮಂದ ಬೆಳಕಿನಲ್ಲಿ ಬಿಟ್ಟರೆ ಸಸಿ ಬಿಳಿಚಿಕೊಂಡು ದಾರದಂತೆ ಉದ್ದವಾಗಿ ಮಲಗುತ್ತದೆ. ಸಸಿಗಳು ಬುಡದಲ್ಲಿ ಕೊಳೆತು ಒಂದೊಂದಾಗಿ ಉರುಳುವುದಕ್ಕೆ ಅತಿ ನೀರು ಮತ್ತು ಗಾಳಿಯಿಲ್ಲದ ಒತ್ತಾದ ಬಿತ್ತನೆ ಮುಖ್ಯ ಕಾರಣ. ಮೇಲ್ಪದರ ಸ್ವಲ್ಪ ಒಣಗಿದ ಮೇಲೆಯೇ ನೀರು ಚಿಮುಕಿಸಬೇಕು.

ನಾಟಿ, ಹೊದಿಕೆ, ಕಾವಲು

ಟೊಮೆಟೊವನ್ನು ನಾಲ್ಕು ವಾರಕ್ಕೆ, ಬದನೆ, ಮೆಣಸನ್ನು ಐದಾರು ವಾರಕ್ಕೆ ನಾಟಿ ಮಾಡಬಹುದು. ಅದಕ್ಕೆ ಐದು ದಿನ ಮೊದಲಿನಿಂದ ನೀರು ತಗ್ಗಿಸಿ, ಬಿಸಿಲಿನ ಹೊತ್ತು ಹೆಚ್ಚಿಸಿ ಸಸಿಯನ್ನು ಗಟ್ಟಿಗೊಳಿಸಬೇಕು. ಕುಂಡಕ್ಕೆ ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ, ತೆಂಗಿನ ನಾರಿನ ಪುಡಿ ಸಮಪಾಲು ಇರಲಿ. ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ. ನಾಟಿ ಸಂಜೆಯ ಕೆಲಸ. ಇಡೀ ರಾತ್ರಿ ಸುಧಾರಿಸಿಕೊಳ್ಳಲು ಸಸಿಗೆ ಅವಕಾಶವಾಗುತ್ತದೆ.

ನಂತರದ ದೊಡ್ಡ ಕೆಲಸ ಹೊದಿಕೆ. ಬುಡದ ಮಣ್ಣಿನ ಮೇಲೆ ಎರಡು ಅಂಗುಲ ದಪ್ಪಕ್ಕೆ ಒಣ ಎಲೆ, ಹುಲ್ಲು ಅಥವಾ ತೆಂಗಿನ ನಾರು ಹರಡಿದರೆ ಆವಿಯಾಗುವ ನೀರು ಗಣನೀಯವಾಗಿ ತಗ್ಗುತ್ತದೆ, ಬೇರು ತಂಪಾಗಿರುತ್ತದೆ. ಬೀದಿಬದಿಯಲ್ಲಿ ಗುಡಿಸಿ ಸುಡುವ ತರಗೆಲೆ ತೋಟಕ್ಕೆ ಹೊನ್ನು. ನೀರು ಬೆಳಿಗ್ಗೆ ಎಂಟರೊಳಗೆ ಬುಡಕ್ಕೆ ಬೀಳಲಿ. ವಾರಕ್ಕೆರಡು ಬಾರಿ ಎಲೆಯ ಅಡಿಭಾಗ ನೋಡಿ. ಬಿಳಿನೊಣ ಕಂಡರೆ ಬೇವಿನೆಣ್ಣೆಯ ದ್ರಾವಣ ಸಿಂಪಡಿಸಬಹುದು. ವೈರಸ್ ತಗುಲಿದ ಗಿಡವನ್ನು ಕರುಣೆಯಿಲ್ಲದೆ ಕೀಳಬೇಕು, ಇಲ್ಲವಾದರೆ ಅದು ನೆರೆಯ ಗಿಡಕ್ಕೂ ಹಬ್ಬುತ್ತದೆ.

ಮುಂದಿನ ಸಂಕ್ರಾಂತಿಗೆ

ಏಪ್ರಿಲ್, ಮೇ ತಿಂಗಳ ಮುಂಗಾರು ಪೂರ್ವ ಮಳೆ ಬೀಳುವ ತನಕ ಗಿಡಗಳನ್ನು ದಾಟಿಸಿದರೆ ಅವುಗಳಲ್ಲಿ ಚೆನ್ನಾಗಿ ಬಾಳಿದ ಒಂದೆರಡನ್ನು ಬೀಜಕ್ಕೆ ಬಿಡಬಹುದು. ಹೈಬ್ರಿಡ್ ಗಿಡದ ಬೀಜ ತಾಯಿಯ ಗುಣ ತೋರುವುದಿಲ್ಲ. ನಾಟಿ ತಳಿಯ ಹರಿವೆ, ಬೆಂಡೆ, ಟೊಮೆಟೊ ಇದಕ್ಕೆ ಸೂಕ್ತ. ಉಡುಪಿ ಬಳಿಯ ಮಟ್ಟು ಗ್ರಾಮದವರು ತಲೆಮಾರುಗಳಿಂದ ಬೀಜ ಕಾಪಿಟ್ಟುಕೊಂಡು ಬಂದುದರಿಂದಲೇ ಮಟ್ಟುಗುಳ್ಳ ಬದನೆ ಉಳಿದು, ಭೌಗೋಳಿಕ ಸೂಚಿಯ ಮಾನ್ಯತೆಯನ್ನೂ ಪಡೆಯಿತು. ನಮ್ಮ ತಾರಸಿಯ ಬಿಸಿಲನ್ನೂ ನಮ್ಮ ಮನೆಯ ನೀರನ್ನೂ ತಾಳಿಕೊಂಡ ಗಿಡದ ಬೀಜಕ್ಕೆ ಅಂಗಡಿಯ ಪೊಟ್ಟಣದಲ್ಲಿಲ್ಲದ ಒಂದು ಅರ್ಹತೆ ಇರುತ್ತದೆ. ಅದನ್ನು ನೆರಳಿನಲ್ಲಿ ಒಣಗಿಸಿ, ಬೂದಿಯೊಡನೆ ಗಾಳಿಯಾಡದ ಡಬ್ಬಿಗೆ ತುಂಬಿ, ಹೆಸರನ್ನೂ ತಿಂಗಳನ್ನೂ ಬರೆದಿಡಿ. ಜೊತೆಗೆ ಈ ಏಪ್ರಿಲ್‌ನಲ್ಲಿ ದಿನಕ್ಕೆ ಎಷ್ಟು ಲೀಟರ್ ನೀರು ಬೇಕಾಯಿತೆಂಬುದನ್ನೂ ಗುರುತು ಹಾಕಿಕೊಂಡರೆ ಮುಂದಿನ ವರ್ಷದ ಯೋಜನೆ ಅರ್ಧ ಮುಗಿದಂತೆಯೇ.