ಹೆಸರು ಬದಲಾದ ಮನೆ: ಪ್ಯಾರಿಸಿನ ಕಾರ್ನವಾಲೆ

ಫ್ರೆಂಚಿನಿಂದ ಇಂಗ್ಲಿಷಿಗೂ ಅಲ್ಲಿಂದ ನಮ್ಮ ಮಾತಿಗೂ ಬಂದ ‘ಹೋಟೆಲ್’ ಎಂಬ ಪದಕ್ಕೆ ಅದರ ತವರಿನಲ್ಲಿ ಇನ್ನೊಂದು ಅರ್ಥವಿದೆ. ಸಿರಿವಂತ ಮನೆತನವೊಂದು ನಗರದೊಳಗೆ ತನಗಾಗಿ ಕಟ್ಟಿಸಿಕೊಂಡ ದೊಡ್ಡ ಮನೆಯನ್ನೂ ಫ್ರೆಂಚರು ‘ಒತೆಲ್’ ಎಂದೇ ಕರೆಯುತ್ತಾರೆ. ಪ್ಯಾರಿಸಿನ ಮರೇ ಎಂಬ ಹಳೆಯ ಬಡಾವಣೆಯಲ್ಲಿ ಅಂಥ ಮನೆಗಳು ಹಲವು ಉಳಿದಿವೆ. ಅವುಗಳಲ್ಲಿ ಕಾರ್ನವಾಲೆಯ ಕಥೆ ವಿಶಿಷ್ಟವಾದುದು.

1548ರಲ್ಲಿ ಇದರ ನಿರ್ಮಾಣವನ್ನು ಆರಂಭಿಸಿದವನು ಪ್ಯಾರಿಸಿನ ಉಚ್ಚ ನ್ಯಾಯಸಭೆಯ ಅಧ್ಯಕ್ಷರಲ್ಲೊಬ್ಬನಾದ ಜಾಕ್ ದೆ ಲಿನ್ಯೆರಿ. ನಮ್ಮ ತೊಟ್ಟಿಮನೆಯಲ್ಲಿ ಅಂಗಳವು ಮನೆಯ ನಡುವೆ ಇರುತ್ತದೆ. ಇಲ್ಲಿ ಅದು ಬೀದಿಗೂ ಮನೆಗೂ ನಡುವೆ ಇದೆ. ಸಾರೋಟು ನುಗ್ಗುವಷ್ಟು ದೊಡ್ಡ ಹೆಬ್ಬಾಗಿಲನ್ನು ದಾಟಿದರೆ ಕಲ್ಲು ಹಾಸಿದ ಅಂಗಳ, ಅದರಾಚೆ ಯಜಮಾನನು ವಾಸಿಸುವ ಮುಖ್ಯ ಕಟ್ಟಡ, ಅದರ ಬೆನ್ನಿಗೆ ತೋಟ. ಬೀದಿಯ ಗದ್ದಲವು ಮನೆಯವರನ್ನು ಮುಟ್ಟಬಾರದು, ಬಂದವರಿಗೆ ವೈಭವವು ಒಮ್ಮೆಲೇ ಕಾಣಬೇಕು ಎಂಬುದು ಈ ವಿನ್ಯಾಸದ ಆಶಯ. ಮುಂದೆ ಪ್ಯಾರಿಸಿನ ಸಿರಿವಂತರೆಲ್ಲ ಅನುಸರಿಸಿದ ಈ ಕ್ರಮಕ್ಕೆ ಇದು ಮೊದಮೊದಲ ನಿದರ್ಶನಗಳಲ್ಲೊಂದು. ಅಂಗಳದ ಗೋಡೆಯಲ್ಲಿ ನಾಲ್ಕು ಋತುಗಳನ್ನು ನಾಲ್ಕು ಎತ್ತರದ ಮೂರ್ತಿಗಳಾಗಿ ಕಡೆಯಲಾಗಿದೆ. ಅವು ಶಿಲ್ಪಿ ಜಾಂ ಗುಜೋಂ ಮತ್ತು ಅವನ ಬಳಗದ ಕೆಲಸವೆಂದು ಪರಂಪರೆಯಿಂದ ಹೇಳಲಾಗುತ್ತದೆ.

1578ರಲ್ಲಿ ಈ ಮನೆಯು ಬ್ರಿಟನಿ ಸೀಮೆಯ ಗಣ್ಯನೊಬ್ಬನ ವಿಧವೆಯ ಕೈಸೇರಿತು. ಆ ಗಣ್ಯನ ಮನೆತನದ ಹೆಸರು ಕೆರ್ನೆವೆನ್ವಾ. ಬ್ರೆಟನ್ ಭಾಷೆಯ ಆ ಹೆಸರು ಪ್ಯಾರಿಸಿನವರ ನಾಲಿಗೆಗೆ ಒಗ್ಗಲಿಲ್ಲ. ಅವರು ಅದನ್ನು ‘ಕಾರ್ನವಾಲೆ’ ಎಂದು ತಿರುಚಿದರು. ತಿರುಚಿದ ಹೆಸರೇ ನಿಂತಿತು. ಅಷ್ಟಕ್ಕೇ ಮುಗಿಯಲಿಲ್ಲ. ಹೆಬ್ಬಾಗಿಲ ಕಮಾನಿನ ಮೇಲಿನ ಸ್ತ್ರೀಮೂರ್ತಿಯ ಕಾಲಡಿಯಲ್ಲಿದ್ದ ಗೋಳವನ್ನು ‘ಕಾರ್ನಿವಲ್’ ಹಬ್ಬದ ಮುಖವಾಡವಾಗಿ ಮರಳಿ ಕೆತ್ತಲಾಯಿತು. ಹೀಗೆ ಉಚ್ಚಾರಣೆಯ ದೋಷವೊಂದು ಕಲ್ಲಿನಲ್ಲಿ ಶಾಶ್ವತವಾಯಿತು. ಆಳುವ ಭಾಷೆಯ ಬಾಯಲ್ಲಿ ಹೆಸರುಗಳು ರೂಪಾಂತರಗೊಳ್ಳುವುದು ಗಡಿನಾಡಿನ ಓದುಗರಿಗೆ ಹೊಸ ಸಂಗತಿಯೇನಲ್ಲ.

ಹದಿನೇಳನೆಯ ಶತಮಾನದ ನಡುವೆ ಪ್ರಸಿದ್ಧ ವಾಸ್ತುಶಿಲ್ಪಿ ಫ್ರಾಂಸ್ವಾ ಮಾಂಸಾರ್ ಕಟ್ಟಡವನ್ನು ವಿಸ್ತರಿಸಿದನು. ಬೀದಿಯ ಕಡೆಯ ಭಾಗವನ್ನು ಹೊಸದಾಗಿ ರೂಪಿಸಿದರೂ ಹಳೆಯ ಹೆಬ್ಬಾಗಿಲನ್ನು ಅವನು ತೆಗೆಯಲಿಲ್ಲ. ಅವನ ಎಲ್ಲ ಕೌಶಲಕ್ಕಿಂತ ಈ ಸಂಯಮವೇ ನನಗೆ ದೊಡ್ಡದೆನಿಸುತ್ತದೆ. ಪತ್ರಲೇಖಕಿ ಮದಾಂ ದೆ ಸೆವಿನ್ಯೆ 1677ರಿಂದ ಸುಮಾರು ಹತ್ತೊಂಬತ್ತು ವರ್ಷ ಇಲ್ಲಿ ಬಾಡಿಗೆಗಿದ್ದಳು. ದೂರದ ಪ್ರೊವಾನ್ಸಿನಲ್ಲಿದ್ದ ಮಗಳಿಗೆ ಆಕೆ ಬರೆದ ಪತ್ರಗಳು ಫ್ರೆಂಚ್ ಗದ್ಯದ ಮೇರುಕೃತಿಗಳೆನಿಸಿವೆ. ಇಂದು ಮನೆಯ ಮುಂದಿನ ಬೀದಿಗೆ ಆಕೆಯದೇ ಹೆಸರು.

ಮಹಾಕ್ರಾಂತಿಯ ಅನಂತರ ಈ ಮನೆಯಲ್ಲಿ ಸೇತುವೆ-ರಸ್ತೆಗಳ ತಾಂತ್ರಿಕ ಶಾಲೆಯೂ ಬಳಿಕ ವಸತಿಶಾಲೆಯೂ ನಡೆದವು. 1866ರಲ್ಲಿ ಪ್ಯಾರಿಸ್ ನಗರಾಡಳಿತವು ಇದನ್ನು ಕೊಂಡಿತು. ಕೊಳ್ಳುವಂತೆ ಪ್ರೇರೇಪಿಸಿದವನು ಓಸ್ಮಾನ್. ಅಗಲವಾದ ರಾಜಬೀದಿಗಳಿಗಾಗಿ ಹಳೆಯ ಪ್ಯಾರಿಸನ್ನು ಕೇರಿ ಕೇರಿಯಾಗಿ ಕೆಡವಿಸುತ್ತಿದ್ದ ಅಧಿಕಾರಿಯೇ ಅಳಿಯುತ್ತಿರುವ ನಗರದ ನೆನಪಿಗೊಂದು ಮನೆಯನ್ನು ಹುಡುಕಿದ್ದು ವಿಚಿತ್ರವೇ ಸರಿ. 1871ರ ಕಮ್ಯೂನ್ ದಂಗೆಯಲ್ಲಿ ನಗರಭವನವೂ ಅದರ ಗ್ರಂಥಾಲಯವೂ ಸುಟ್ಟು ಬೂದಿಯಾದವು. ಆಗ ಜೂಲ್ ಕೂಜಾಂ ಎಂಬ ಗ್ರಂಥಪಾಲಕನು ತನ್ನ ಸ್ವಂತದ ಸುಮಾರು 6,000 ಪುಸ್ತಕಗಳನ್ನು ನಗರಕ್ಕೆ ದಾನವಿತ್ತನು. ಆ ಸಂಗ್ರಹವು ಕಾರ್ನವಾಲೆಯಲ್ಲಿ ನೆಲೆಗೊಂಡಿತು. 1880ರಲ್ಲಿ ವಸ್ತುಸಂಗ್ರಹಾಲಯವು ಸಾರ್ವಜನಿಕರಿಗೆ ತೆರೆಯಿತು.

1989ರಲ್ಲಿ ಸಮೀಪದ ಇನ್ನೊಂದು ಹಳೆಯ ಮನೆಯನ್ನೂ ಇದಕ್ಕೆ ಸೇರಿಸಲಾಯಿತು. ಎರಡು ಮನೆಗಳ ನಡುವೆ ವಿಕ್ಟರ್ ಹ್ಯೂಗೋ ಹೆಸರಿನ ಪ್ರೌಢಶಾಲೆಯೊಂದಿದೆ. ಶಾಲೆಯನ್ನು ಕದಲಿಸಲಿಲ್ಲ, ಅದರ ಮೊದಲ ಮಹಡಿಯಲ್ಲಿ ಹಾದುಹೋಗುವ ಓಣಿಯೊಂದರ ಮೂಲಕ ನೋಡುಗರು ಒಂದು ಮನೆಯಿಂದ ಇನ್ನೊಂದಕ್ಕೆ ನಡೆಯುತ್ತಾರೆ.