ಹಂದಿಯ ಕುಲವೂ ಮಾಂಸದ ಗುಣವೂ

ಹಂದಿಯ ಹೆಸರೆತ್ತಿದರೆ ಮೂಗು ಮುರಿಯುವ ಮನೆಗಳು ನಮ್ಮಲ್ಲಿವೆ. ಹಬ್ಬದ ದಿನ ಹಂದಿಮಾಂಸವಿಲ್ಲದೆ ಊಟ ರುಚಿಸದ ಮನೆಗಳೂ ಇವೆ. ತಿನ್ನುವುದು, ಬಿಡುವುದು ಅವರವರಿಗೆ ಬಿಟ್ಟ ವಿಚಾರ. ಆದರೆ ಹಂದಿ ಸಾಕಿ ಸಂಸಾರ ನಡೆಸುವ ಕುಟುಂಬಗಳು ನಮ್ಮ ಜಿಲ್ಲೆಯಲ್ಲಿರುವಾಗ ಆ ಕುರಿತು ಕನ್ನಡದಲ್ಲಿ ನಾಲ್ಕು ಮಾತು ಬರೆಯುವುದು ಅಗತ್ಯವೆಂದು ನಾವು ತಿಳಿಯುತ್ತೇವೆ.

ಕೇರಳದ ಪೇಟೆಗೆ ಬರುವ ಹಂದಿಗಳಲ್ಲಿ ಒಂದು ಪಾಲು ತಮಿಳುನಾಡಿನದು. ಕೊಯಮತ್ತೂರು, ತಿರುಪ್ಪೂರು ಕಡೆಯ ರೈತರು 'ವೆಣ್‌ಪನ್ರಿ' ಎಂದು ಕರೆಯುವುದು ಬಿಳಿ ಯಾರ್ಕ್‌ಷೈರ್ ಮೊದಲಾದ ಸೀಮೆ ಹಂದಿಗಳನ್ನು. ಆ ಬಯಲುಸೀಮೆಯಿಂದ ಲಾರಿ ಏರಿದ ಹಂದಿ ವಾಳಯಾರ್ ದಾಟಿ ಪಾಲಕ್ಕಾಡಿಗೆ ಇಳಿಯಬೇಕು. ಬೆವರಿ ಮೈ ತಂಪು ಮಾಡಿಕೊಳ್ಳುವ ಶಕ್ತಿ ಹಂದಿಗೆ ಇಲ್ಲವೆಂದೇ ಹೇಳಬೇಕು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಒತ್ತೊತ್ತಾಗಿ ನಿಂತು ಮಾಡುವ ಈ ಪ್ರಯಾಣ ಎಲ್ಲ ಹಂದಿಗಳಿಗೂ ಕಷ್ಟವೇ. ಆದರೆ ಒಂದು ವಿಶೇಷ ದೋಷವನ್ನು ಹುಟ್ಟಿನಿಂದಲೇ ಹೊತ್ತ ಹಂದಿಗೆ ಅದು ಮೃತ್ಯುವಾಗಬಹುದು. ಮೈ ಸೆಟೆದು, ಏದುಸಿರು ಬಿಟ್ಟು ಅದು ದಾರಿಯಲ್ಲೇ ಸಾಯುತ್ತದೆ. ಬದುಕಿ ಬಂದರೂ ಅದರ ಮಾಂಸ ಬಿಳಚಿ, ಮೆತ್ತಗಾಗಿ, ನೀರು ಒಸರುತ್ತದೆ. ಕೊಂಡವನಿಗೆ ತೂಕವೂ ನಷ್ಟ, ರುಚಿಯೂ ನಷ್ಟ.

ಈ ದೋಷದ ಮೂಲವನ್ನು 1991ರಲ್ಲಿ ಕೆನಡಾದ ಟೊರೊಂಟೊ ವಿಶ್ವವಿದ್ಯಾಲಯದ ಡೇವಿಡ್ ಮೆಕ್‌ಲೆನನ್ ಮತ್ತು ಸಂಗಡಿಗರು ಕಂಡುಹಿಡಿದರು. ಸ್ನಾಯು ಬಿಗಿಯಲು ಕ್ಯಾಲ್ಸಿಯಂ ಬೇಕು. ಅದು ಸ್ನಾಯುಕೋಶದೊಳಗಿನ ಒಂದು ಉಗ್ರಾಣದಲ್ಲಿರುತ್ತದೆ. ಉಗ್ರಾಣದ ಬಾಗಿಲು ಒಂದು ಪ್ರೋಟೀನು. ಆ ಪ್ರೋಟೀನನ್ನು ರಚಿಸುವ ವಂಶವಾಹಿಯ ಸಾವಿರಾರು ಅಕ್ಷರಗಳಲ್ಲಿ 1843ನೆಯದು ಒಂದು ಬದಲಾದರೆ ಸಾಕು. ಬಿಸಿಲು, ಹೆದರಿಕೆ ತಗಲಿದಾಗ ತೆರೆದ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ. ಸ್ನಾಯು ತನ್ನ ಸಕ್ಕರೆಯ ದಾಸ್ತಾನನ್ನು ಒಮ್ಮೆಲೇ ಉರಿಸಿ ಆಮ್ಲವನ್ನು ತುಂಬಿಕೊಳ್ಳುತ್ತದೆ. ಕಡಿದ ಮಾಂಸ ಬಿಸಿಯಿರುವಾಗಲೇ ಹುಳಿ ಏರಿದರೆ ಪ್ರೋಟೀನು ಕೆಟ್ಟು, ನೀರನ್ನು ಹಿಡಿದಿಡಲಾರದು.

ಇಂಥ ದೋಷ ಹರಡಿದ್ದು ಹೇಗೆ? ಮನುಷ್ಯನ ಆಸೆಯಿಂದಲೇ. ಯುರೋಪಿನ ಗಿರಾಕಿಗಳು ಕೊಬ್ಬಿಲ್ಲದ ಮಾಂಸ ಕೇಳಿದರು. ಈ ವಂಶವಾಹಿ ಇರುವ ಹಂದಿಯಲ್ಲಿ ಮಾಂಸ ಹೆಚ್ಚು, ಕೊಬ್ಬು ಕಡಿಮೆ. ಸಾಕುವವರು ಅಂಥವನ್ನೇ ಆಯ್ದು ಬೀಜಕ್ಕೆ ಬಿಟ್ಟರು. ಬೆಲ್ಜಿಯಮ್ಮಿನ ಪಿಯೆತ್ರೇನ್ ತಳಿಯಲ್ಲಿಯೂ ಕೆಲವು ಲ್ಯಾಂಡ್ರೇಸ್ ಹಂದಿಗಳಲ್ಲಿಯೂ ಅದು ಬೇರೂರಿತು. ಬಿಳಿ ಯಾರ್ಕ್‌ಷೈರಿನಲ್ಲಿ ಅದು ವಿರಳ; ಆದುದರಿಂದ ಕೊಯಮತ್ತೂರಿನ ಹಂದಿಗಳೆಲ್ಲ ಕೆಟ್ಟವೆಂದು ಯಾರೂ ತಿಳಿಯಬಾರದು.

1970ರ ದಶಕದಲ್ಲಿ ಹಂದಿಮರಿಯ ಮೂಗಿಗೆ ಹ್ಯಾಲೋಥೇನ್ ಎಂಬ ಅರಿವಳಿಕೆ ಹಿಡಿದು, ಕಾಲು ಸೆಟೆಯುವುದೇ ಎಂದು ನೋಡುತ್ತಿದ್ದರು. ತಂದೆತಾಯಿ ಇಬ್ಬರಿಂದಲೂ ದೋಷ ಪಡೆದ ಮರಿ ಮಾತ್ರ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಿತ್ತು. ಒಬ್ಬರಿಂದ ಪಡೆದದ್ದು ಆರೋಗ್ಯವಾಗಿಯೇ ಕಾಣುತ್ತದೆ. ಅಂಥ ಎರಡನ್ನು ಕೂಡಿಸಿದರೆ ಸರಾಸರಿ ನಾಲ್ಕು ಮರಿಗಳಲ್ಲಿ ಒಂದು ರೋಗಿಷ್ಠ. ನಮ್ಮ ಶಾಲೆಗಳ ಮಕ್ಕಳು ಮೆಂಡೆಲನ ಬಟಾಣಿ ಗಿಡದಲ್ಲಿ ಓದುವ ಲೆಕ್ಕವೇ ಇದು. 1991ರ ಬಳಿಕ ತೊಟ್ಟು ರಕ್ತದಿಂದಲೇ ಗುಟ್ಟು ಹೊರಬೀಳುತ್ತದೆ. 2000ದಲ್ಲಿ ಹ್ಯಾಂಪ್‌ಷೈರ್ ತಳಿಯ ಇನ್ನೊಂದು ವಂಶವಾಹಿ ಪತ್ತೆಯಾಯಿತು. ಅದಿದ್ದರೆ ಮಾಂಸ ಹುಳಿಯಾಗಿ, ಬೇಯಿಸಿದಾಗ ಹೆಚ್ಚು ಕುಗ್ಗುತ್ತದೆ.

ನಮಗೇಕೆ ಈ ಮಾತು? 2022ರ ಜುಲೈಯಲ್ಲಿ ವಯನಾಡಿನಲ್ಲಿ ಆಫ್ರಿಕನ್ ಹಂದಿಜ್ವರ ಕಂಡಾಗ ಹೊರರಾಜ್ಯದ ಹಂದಿಗಳನ್ನು ತರುವುದಕ್ಕೆ ಕೇರಳ ತಡೆ ಹಾಕಿತು. ಕೊಯಮತ್ತೂರಿನ ದಾರಿಯೂ ಕೆಲಕಾಲ ಮುಚ್ಚಿತು. 2023ರಲ್ಲಿ ಆ ಜ್ವರ ನಮ್ಮ ಎಣ್ಮಕಜೆಗೂ ಬಂತು. ಇಂಥ ಹೊತ್ತಿನಲ್ಲಿ ಊರಲ್ಲೇ ಮರಿ ಮಾಡಿಸಬೇಕಾಗುತ್ತದೆ. ಒಂದು ಗಂಡು ಹಂದಿಯ ದೋಷ ಆಗ ಹತ್ತು ಮನೆಗಳ ಹಟ್ಟಿಗೆ ಹಂಚಿಹೋಗುತ್ತದೆ. ಕಣ್ಣಿಗೆ ತುಂಬಿದ ತೊಡೆಯನ್ನು ಮಾತ್ರ ನೋಡಿ ಹಣ ಎಣಿಸದೆ, ಅದರ ತಂದೆತಾಯಿ ಯಾವ ತಳಿ, ಪರೀಕ್ಷೆಯಾಗಿದೆಯೇ ಎಂದು ಕೇಳಬೇಕು. ಮಣ್ಣುತ್ತಿಯಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಹಂದಿ ಸಾಕಣೆ ಕೇಂದ್ರವಿದೆ. ಸಂಶಯವಿದ್ದರೆ ಊರಿನ ಮೃಗಾಸ್ಪತ್ರೆಯ ಮೂಲಕ ಅಲ್ಲಿ ವಿಚಾರಿಸಬಹುದು.

ಪರೀಕ್ಷೆ ಮಾಡಿಸಿದರೆ ಎಲ್ಲವೂ ಮುಗಿಯಿತೆಂದಲ್ಲ. ಎಂಥ ಒಳ್ಳೆಯ ಕುಲದ ಹಂದಿಯನ್ನಾದರೂ ಬಡಿದು ಬೆದರಿಸಿ, ಬಿಸಿಲಲ್ಲಿ ಸಾಗಿಸಿ, ವಿಶ್ರಾಂತಿಯಿಲ್ಲದೆ ಕಡಿದರೆ ಮಾಂಸ ಕೆಡುತ್ತದೆ. ಹೊತ್ತೇರುವ ಮೊದಲು ಸಾಗಾಟ, ನೆರಳು, ನೀರು, ಕೆಲವು ಗಂಟೆಗಳ ವಿಶ್ರಾಂತಿ ಇವಕ್ಕೆ ದೊಡ್ಡ ಖರ್ಚಿಲ್ಲ.

ಇನ್ನು ನಮ್ಮವರು ಸಂಕೋಚ ಬಿಡಬೇಕು. ತರಬೇತಿ ಮಲಯಾಳದಲ್ಲಿ ನಡೆದರೆ ಅರ್ಥವಾಗದ ಮಾತಿಗೆ ತಲೆದೂಗಿ ಬರುವ ಬದಲು, ಕನ್ನಡದಲ್ಲಿ ಹೇಳಿ ಎಂದು ವಿನಯದಿಂದ ಕೇಳೋಣ. ಕೇಳದೆ ಮರಳಿದವನ ಹಟ್ಟಿಯಲ್ಲಿ ಆಗುವ ನಷ್ಟವನ್ನು ಬೇರೆ ಯಾರೂ ತುಂಬಿಕೊಡುವುದಿಲ್ಲ.