ಗಾಡಿಯ ಮನೆ ವಾಲಿದರೆ...

ಮಗನ ಮನೆಗೋ, ಮಗಳ ಬಾಣಂತನಕ್ಕೋ ಎಂದು ಅಮೆರಿಕಕ್ಕೆ ಬಂದ ಹಿರಿಯರನ್ನು ಬೇಸಿಗೆ ರಜದಲ್ಲಿ ಊರು ತೋರಿಸಲು ಕರೆದುಕೊಂಡು ಹೋಗುವುದು ಇಲ್ಲಿ ವಾಡಿಕೆ. ಕಾರು, ಹೋಟೆಲು ಅಂದರೆ ನಿಮಗೆಲ್ಲ ಗೊತ್ತೇ ಇದೆ. “ಈ ಸಲ ಕ್ಯಾಂಪರಿನಲ್ಲಿ ಹೋಗೋಣಮ್ಮ” ಅಂದರೆ ಏನು ಮಾಡುತ್ತೀರಿ? ನಮ್ಮ ಅತ್ತೆ “ಅದೇನು, ಸರ್ಕಸ್ ಕಂಪನಿಯವರ ಗಾಡಿಯೇ?” ಎಂದು ಕೇಳಿದ್ದರು!

ಪಿಕಪ್ ಟ್ರಕ್ ನೋಡಿದ್ದೀರಲ್ಲ, ಹಿಂದುಗಡೆ ತೆರೆದ ತೊಟ್ಟಿಯಿರುವ ಗಾಡಿ. ಆ ತೊಟ್ಟಿಯೊಳಗೆ ಒಂದು ಪುಟ್ಟ ಮನೆಯನ್ನು ಹಾಗೇ ಕೂರಿಸಿ, ನಾಲ್ಕು ಮೂಲೆಗೂ ಕೊಂಡಿ ಹಾಕಿ ಬಿಗಿದುಬಿಟ್ಟರೆ ಅದೇ ಟ್ರಕ್ ಕ್ಯಾಂಪರ್. ಡ್ರೈವರ್ ತಲೆಯ ಮೇಲೆ ಮಲಗುವ ಅಟ್ಟ, ಒಳಗೆ ಗ್ಯಾಸ್ ಒಲೆ, ಸಿಂಕು, ಫ್ರಿಜ್ಜು, ಊಟದ ಮೇಜು. ಆ ಮೇಜೇ ರಾತ್ರಿ ಇನ್ನೊಂದು ಹಾಸಿಗೆ. ಎಸ್ಸೆಸ್ಸೆಲ್ಸಿ ಮುಗಿಸಿ ಮದುವೆಯಾಗಿ ಬಂದ ನನಗೆ ಯಂತ್ರಗಳ ವಿಷಯ ಏನೂ ತಿಳಿಯದು. ಆದರೆ ಅಡಿಗೆಮನೆ ತಿಳಿಯುತ್ತದೆ. ಆ ಅಡಿಗೆಮನೆ ವಾಲಿಕೊಂಡರೆ ಏನಾಗುತ್ತದೆ ಅನ್ನುವುದನ್ನು ಕಷ್ಟಪಟ್ಟೇ ಕಲಿತೆ. ಅದನ್ನೇ ನಿಮಗೆ ಹೇಳಬೇಕೆಂದು ಈ ಬರಹ.

2023ರ ಜೂನ್ ತಿಂಗಳು. ಯೂಟಾ ರಾಜ್ಯದ ಜೈಯನ್ ರಾಷ್ಟ್ರೀಯ ಉದ್ಯಾನ ನೋಡಲು ಹೊರಟಿದ್ದೆವು. ಕೆಂಪು ಕಲ್ಲಿನ ಗೋಡೆಗಳ ನಡುವೆ ವರ್ಜಿನ್ ಎಂಬ ನದಿ ಹರಿಯುತ್ತದೆ. ನೋಡಲು ಎರಡು ಕಣ್ಣು ಸಾಲದು, ಆದರೆ ಬಿಸಿಲು ಮಾತ್ರ ನಮ್ಮ ರಾಯಚೂರಿನದೇ! ಹಗಲು ನೂರು ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 38 ಸೆಲ್ಸಿಯಸ್. ಹತ್ತಿರದ ಒಂದು ಕ್ಯಾಂಪಿನ ಜಾಗಕ್ಕೆ ತಲುಪುವಾಗ ಕತ್ತಲಾಗಿತ್ತು. ನಮ್ಮನೆಯವರು ದಣಿದಿದ್ದರು. ಗಾಡಿ ನಿಲ್ಲಿಸಿ, “ಮಟ್ಟ ಗಿಟ್ಟ ಎಲ್ಲ ಬೆಳಿಗ್ಗೆ ನೋಡೋಣ” ಅಂದರು. ನಾನೂ ಸುಮ್ಮನಾದೆ.

ಊಟಕ್ಕೆ ಕೂತಾಗ ಅತ್ತೆ, “ಏನೇ, ತಟ್ಟೇಲಿ ಸಾರೆಲ್ಲ ಒಂದೇ ಕಡೆಗೆ ಓಡ್ತಿದೆಯಲ್ಲೇ?” ಅಂದರು. ನಾವು ನಕ್ಕೆವು. ತಟ್ಟೆಯ ಕೆಳಗೆ ಮಡಿಸಿದ ಟವೆಲ್ ಇಟ್ಟುಕೊಟ್ಟೆ.

ಬೆಳಿಗ್ಗೆ ಕಾಫಿಗೆಂದು ಹಾಲು ತೆಗೆದರೆ ಒಡೆದಿತ್ತು. ಮೊಸರು ಹುಳಿಯಾಗಿ ನೊರೆ ಬಂದಿತ್ತು. ಫ್ರಿಜ್ಜಿನೊಳಗೆ ಕೈಯಿಟ್ಟರೆ ಬೆಚ್ಚಗೆ! ಹಾಲು ಹೋದರೆ ಹೋಗಲಿ, ಅದೇ ಬಾಗಿಲಿನ ಗೂಡಿನಲ್ಲಿ ಅತ್ತೆಯ ಇನ್ಸುಲಿನ್ ಇತ್ತು. ಇನ್ನೂ ಎರಡು ವಾರಕ್ಕೆ ಆಗುವಷ್ಟು. ನನ್ನ ಕೈಕಾಲು ತಣ್ಣಗಾಯಿತು.

ಫ್ರಿಜ್ಜು ಕೆಟ್ಟದ್ದು ಯಾಕೆ ಗೊತ್ತೇ? ನಮ್ಮ ಮನೆಗಳಲ್ಲಿರುವ ಫ್ರಿಜ್ಜಿಗೆ ಮೋಟಾರು ಇರುತ್ತದೆ. ಆದರೆ ಹಲವು ಕ್ಯಾಂಪರುಗಳದ್ದು ಗ್ಯಾಸಿನ ಉರಿಯಿಂದಲೇ ತಣ್ಣಗಾಗುವ ಫ್ರಿಜ್ಜು. ಬೆಂಕಿಯಿಂದ ತಂಪು, ವಿಚಿತ್ರ ಅಲ್ಲವೇ? 1922ರಲ್ಲಿ ಸ್ವೀಡನ್ ದೇಶದ ಫಾನ್ ಪ್ಲಾಟೆನ್, ಮುಂಟರ್ಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಇದನ್ನು ಕಂಡುಹಿಡಿದರಂತೆ. ಕೊಳವೆಯೊಳಗಿನ ಅಮೋನಿಯಾ ನೀರು ಉರಿಗೆ ಕಾದು, ಅಮೋನಿಯಾ ಆವಿಯಾಗಿ ಮೇಲೇರಿ, ತಣಿದು ದ್ರವವಾಗಿ, ಮತ್ತೆ ಆವಿಯಾಗುವಾಗ ಒಳಗಿನ ಬಿಸಿ ಹೀರುತ್ತದೆ. ಆಮೇಲೆ ನೀರಿನಲ್ಲಿ ಕಲೆತು ತನ್ನ ಭಾರಕ್ಕೆ ತಾನೇ ಕೆಳಗಿಳಿದು ಬರಬೇಕು. ತಳ್ಳುವುದಕ್ಕೆ ಪಂಪಿಲ್ಲ. ಗಾಡಿ ವಾಲಿ ನಿಂತರೆ ಆ ದ್ರವ ಕೊಳವೆಯಲ್ಲೇ ನಿಂತುಬಿಡುತ್ತದೆ, ಉರಿ ಮಾತ್ರ ಸುಡುತ್ತಲೇ ಇರುತ್ತದೆ. ತುಂಬ ಹೊತ್ತು ಹಾಗೆ ಓಡಿಸಿದರೆ ಫ್ರಿಜ್ಜು ಪೂರ್ತಿ ಹಾಳಾಗುವುದೂ ಉಂಟು. ಗಾಡಿ ಚಲಿಸುವಾಗ ಕುಲುಕಾಡುವುದರಿಂದ ಅಷ್ಟು ತೊಂದರೆಯಿಲ್ಲ, ನಿಂತಾಗಲೇ ತೊಂದರೆ. ಈಗ ಮೋಟಾರಿನ ಫ್ರಿಜ್ಜು ಇರುವ ಕ್ಯಾಂಪರುಗಳೂ ಬಂದಿವೆ. ಬಾಡಿಗೆಗೆ ತೆಗೆದುಕೊಳ್ಳುವವರು ಮೊದಲು ಇದನ್ನು ಕೇಳಿ.

ಅತ್ತೆಯ ಕೈಚೀಲದಲ್ಲಿ, ತಂಪು ಚೀಲದೊಳಗೆ, ದಿನಾ ಚುಚ್ಚಿಕೊಳ್ಳುವ ಒಂದು ಪೆನ್ನು ಬೇರೆ ಇತ್ತು. ಅದರಲ್ಲಿ ಎರಡು ದಿನಕ್ಕಾಗುವಷ್ಟು ಔಷಧಿ. ಅದೊಂದೇ ಧೈರ್ಯ. ನಲವತ್ತು ಮೈಲಿ ದೂರದ ಸೇಂಟ್ ಜಾರ್ಜ್ ಪಟ್ಟಣಕ್ಕೆ ಓಡಿದೆವು. ಔಷಧಿ ಅಂಗಡಿಯವರು ಎಷ್ಟು ಬಿಸಿ ತಾಗಿತ್ತು ಎಂದು ಕೇಳಿದರು. ಫ್ರಿಜ್ಜಿನಲ್ಲಿ ಉಷ್ಣಮಾಪಕವೇ ಇಟ್ಟಿರಲಿಲ್ಲ, ಏನೆಂದು ಹೇಳಲಿ? ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು, ಹೆಪ್ಪುಗಟ್ಟಲೂಬಾರದು, ಕಣ್ಣಿಗೆ ತಿಳಿಯಾಗಿ ಕಂಡರೂ ಒಳಗೆ ಶಕ್ತಿ ಹೋಗಿರಬಹುದು, ಆದ್ದರಿಂದ ಅದನ್ನು ನಂಬಬೇಡಿ ಎಂದರು. ನಮ್ಮ ಡಾಕ್ಟರು ಫೋನಿನಲ್ಲೇ ಹೊಸ ಚೀಟಿ ಕಳಿಸಿಕೊಟ್ಟರು. ಕೊಟ್ಟ ದುಡ್ಡಿನ ಮಾತು ಬೇಡ ಬಿಡಿ. ಅತ್ತೆ ಒಂದು ಮಾತೂ ಆಡಲಿಲ್ಲ. “ನಾನು ಹೇಳಿದೆನಲ್ಲ” ಅಂತ ಅಂದಿದ್ದರೂ ನನಗೆ ಇಷ್ಟು ಚುಚ್ಚುತ್ತಿರಲಿಲ್ಲ.

ಮರಳಿ ಬಂದು ಗಾಡಿಯನ್ನು ಸರಿಯಾಗಿ ಮಟ್ಟ ಮಾಡಿ, ಫ್ರಿಜ್ಜನ್ನು ಸ್ವಲ್ಪ ಹೊತ್ತು ಆರಿಸಿಟ್ಟು ಮತ್ತೆ ಹಚ್ಚಿದೆವು. ರಾತ್ರಿಯ ಹೊತ್ತಿಗೆ ತಣ್ಣಗಾಯಿತು, ಪುಣ್ಯ! ಅಲ್ಲಿಯವರೆಗೆ ಹೊಸ ಇನ್ಸುಲಿನ್ ಅನ್ನು ಟವೆಲಿನಲ್ಲಿ ಸುತ್ತಿ, ಮಂಜುಗಡ್ಡೆಗೆ ನೇರ ತಾಗದ ಹಾಗೆ ಐಸ್ ಪೆಟ್ಟಿಗೆಯಲ್ಲಿಟ್ಟಿದ್ದೆ.

ಈಗ ಮಟ್ಟ ಮಾಡುವ ಬಗೆ. ಬೇಕಾದದ್ದು ಏನು? ಗಾರೆ ಕೆಲಸದವರು ಇಟ್ಟುಕೊಳ್ಳುವ ರಸಮಟ್ಟ, ಚಿಕ್ಕದಾದರೂ ಸಾಕು. ಹಲಗೆಗಳು. ಚಕ್ರಕ್ಕೆ ಕೊಡುವ ಅಡ್ಡಗಟ್ಟೆಗಳು. ರಸಮಟ್ಟವನ್ನು ಎಲ್ಲೆಲ್ಲೋ ಇಡಬೇಡಿ, ಫ್ರಿಜ್ಜಿನ ಫ್ರೀಜರ್ ತಳದಲ್ಲೇ ಇಡಿ. ಮಟ್ಟವಾಗಬೇಕಾದದ್ದು ಅದೇ ತಾನೆ! ಒಮ್ಮೆ ಅಡ್ಡಕ್ಕೆ, ಒಮ್ಮೆ ಉದ್ದಕ್ಕೆ ಇಟ್ಟು ನೋಡಿ. ಗುಳ್ಳೆ ಯಾವ ಕಡೆ ಓಡಿತೋ ಆ ಕಡೆ ಎತ್ತರ. ಹಲಗೆ ಹೋಗಬೇಕಾದದ್ದು ಅದರ ಎದುರು ಕಡೆಗೆ. ಮೊದಮೊದಲು ನಾನೇ ಇದನ್ನು ತಿರುಗಾಮುರುಗಾ ಮಾಡಿ ಬೈಸಿಕೊಂಡಿದ್ದೇನೆ.

ಮೊದಲು ಎಡಬಲ ಸರಿಮಾಡಿ, ಆಮೇಲೆ ಹಿಂದುಮುಂದು. ಎಡಗಡೆ ತಗ್ಗಿದ್ದರೆ ಎಡಗಡೆಯ ಎರಡೂ ಚಕ್ರಗಳ ಮುಂದೆ ಹಲಗೆಯಿಟ್ಟು ಗಾಡಿಯನ್ನು ನಿಧಾನವಾಗಿ ಅದರ ಮೇಲೆ ಹತ್ತಿಸಬೇಕು. ಎರಡು ಹಲಗೆ ಬೇಕಾದರೆ ಕೆಳಗೆ ಉದ್ದದ್ದು, ಮೇಲೆ ಗಿಡ್ಡದ್ದು, ಮೆಟ್ಟಿಲಿನ ಹಾಗೆ. ಟೈರು ಪೂರ್ತಿಯಾಗಿ ಹಲಗೆಯ ಮೇಲೆ ಕೂರಬೇಕು, ಅರ್ಧ ಹೊರಗೆ ಜೋತಾಡಬಾರದು. ಹಿಂದೆ ಜೋಡಿ ಚಕ್ರವಿದ್ದರೆ ಎರಡರ ಕೆಳಗೂ ಹಲಗೆ ಬರಲಿ. ದಾರಿ ತೋರಿಸುವವರು ಗಾಡಿಯ ಮುಂದೆ ನಿಲ್ಲದೆ ಪಕ್ಕದಲ್ಲಿ, ಡ್ರೈವರಿಗೆ ಕನ್ನಡಿಯಲ್ಲಿ ಕಾಣುವಂತೆ ನಿಲ್ಲಿ. ಮಕ್ಕಳನ್ನು ದೂರ ಕಳಿಸಿ.

ಒಂದು ಲೆಕ್ಕ ಹೇಳುತ್ತೇನೆ. ಇಲ್ಲಿ ಎರಡಿಂಚಿನ ಹಲಗೆ ಎಂದು ಮಾರುವುದು ನಿಜವಾಗಿ ಒಂದೂವರೆ ಇಂಚೇ! ಅಂಥ ಒಂದು ಹಲಗೆ ಎಡಬಲದಲ್ಲಿ ಸುಮಾರು ಒಂದೂಕಾಲು ಡಿಗ್ರಿ ಎತ್ತುತ್ತದೆ. ಹಿಂದುಮುಂದಿನಲ್ಲಿ ಚಕ್ರಗಳ ನಡುವೆ ದೂರ ಜಾಸ್ತಿ, ಆದ್ದರಿಂದ ಅದೇ ಹಲಗೆ ಅರ್ಧ ಡಿಗ್ರಿಗಿಂತ ಒಂದಿಷ್ಟು ಹೆಚ್ಚು ಎತ್ತೀತು ಅಷ್ಟೇ. ಉದ್ದಕ್ಕೆ ಇಳಿಜಾರಾದ ಜಾಗವಾದರೆ ಹಲಗೆ ಪೇರಿಸುವುದಕ್ಕಿಂತ ನಾಲ್ಕು ಮಾರು ಮುಂದಕ್ಕೋ ಹಿಂದಕ್ಕೋ ಗಾಡಿ ಸರಿಸಿ ನೋಡುವುದು ಜಾಣತನ.

ಮಟ್ಟವಾದ ಮೇಲೆ ಕೈಬ್ರೇಕು ಎಳೆದು, ಚಕ್ರಗಳಿಗೆ ಅಡ್ಡ ಕೊಡಿ. ಘಾಟಿಯಲ್ಲಿ ಲಾರಿ ನಿಂತರೆ ಕ್ಲೀನರು ಹಾರಿಬಂದು ಚಕ್ರಕ್ಕೆ ಕಲ್ಲು ಕೊಡುತ್ತಾನಲ್ಲ, ಅದೇ ಕೆಲಸ.

ಇನ್ನು ಅಲುಗಾಟ. ಕ್ಯಾಂಪರಿನ ನಾಲ್ಕು ಮೂಲೆಗೂ ಜಾಕಿಗಳಿರುತ್ತವೆ. ಅವು ಇರುವುದು ಮನೆಯನ್ನು ಟ್ರಕ್ಕಿನಿಂದ ಇಳಿಸಿ ಏರಿಸುವುದಕ್ಕೆ. ಆ ಜಾಕಿಯಿಂದಲೇ ಗಾಡಿಯನ್ನು ಎತ್ತಿ ಮಟ್ಟ ಮಾಡುತ್ತೇವೆ ಎನ್ನುವ ಬುದ್ಧಿವಂತರಿದ್ದಾರೆ, ಅವರ ಮಾತು ಕೇಳಬೇಡಿ! ಕೊಂಡಿಗಳು ಬಿಗಿದಿರುವಾಗ ಎತ್ತಿದರೆ ಮನೆಯ ಜೊತೆ ಟ್ರಕ್ಕಿನ ಭಾರವೂ ಜಾಕಿಯ ಮೇಲೆ, ಕೊಂಡಿಯ ಮೇಲೆ ಬಿದ್ದು ಏನಾದರೊಂದು ಕಿತ್ತುಬರುತ್ತದೆ. ಜಾಕಿಯ ಪಾದದ ಕೆಳಗೆ ಒಂದೊಂದು ಹಲಗೆತುಂಡಿಟ್ಟು, ಅದು ತಾಗಿ ಚೂರು ಬಿಗಿಯಾಗುವವರೆಗೆ ಇಳಿಸಿದರೆ ಸಾಕು. ಕೆಲವು ಕ್ಯಾಂಪರುಗಳ ಪುಸ್ತಕದಲ್ಲಿ ಅಷ್ಟೂ ಕೂಡದು ಎಂದಿರುತ್ತದೆ, ಓದಿಕೊಳ್ಳಿ. ಮಳೆ ಬಂದರೆ ಮಣ್ಣು ಕುಸಿದು ಒಂದು ಮೂಲೆ ಸಡಿಲವಾಗುತ್ತದೆ, ಬೆಳಿಗ್ಗೆ ಎದ್ದು ಮತ್ತೆ ನೋಡಬೇಕು. ಜಾಕಿ ಕೊಡದಿದ್ದರೆ ಒಬ್ಬರು ಮಗ್ಗುಲಾದರೆ ಮನೆಮಂದಿಗೆಲ್ಲ ಎಚ್ಚರ.

ಫ್ರಿಜ್ಜೊಂದೇ ಅಲ್ಲ. ದೋಸೆ ಹುಯ್ದರೆ ಕಾವಲಿಯ ಮೇಲೆ ಒಂದು ಕಡೆ ಕಾಗದ, ಇನ್ನೊಂದು ಕಡೆ ಕಂಬಳಿ. ಒಗ್ಗರಣೆಯ ಎಣ್ಣೆ ಒಂದು ಮೂಲೆಗೆ ಸೇರಿ ಸಾಸಿವೆ ಇನ್ನೊಂದು ಮೂಲೆಯಲ್ಲಿ ಸೀಯುತ್ತದೆ. ಸಿಂಕಿನ ನೀರು ಹೋಗುವುದಿಲ್ಲ. ತಲೆ ತಗ್ಗಿನ ಕಡೆ ಇಟ್ಟು ಮಲಗಿದರೆ ಬೆಳಿಗ್ಗೆ ತಲೆನೋವು. ಪೂರ್ತಿ ಮಟ್ಟ ಸಿಗದಿದ್ದರೆ ಫ್ರಿಜ್ಜಿಗೆ ಸಾಕಾಗುವಷ್ಟಾದರೂ ಮಾಡಿಕೊಂಡು, ತಲೆದಿಂಬನ್ನು ಎತ್ತರದ ಕಡೆಗೆ ಹಾಕಿ.

ಹೊರಡುವಾಗಿನ ಗಡಿಬಿಡಿ ನಿಮಗೆ ಗೊತ್ತಲ್ಲ. ಜಾಕಿ ಮೇಲೆತ್ತದೆ ಗಾಡಿ ಓಡಿಸಿ ಅದನ್ನು ಮುರಿದುಕೊಂಡವರಿದ್ದಾರೆ. ಅದಕ್ಕೇ ನಾನು ಜಾಕಿ ಇಳಿಸಿದ ಕೂಡಲೇ ಮಗಳ ಹಳೆಯ ಕೆಂಪು ಟೇಪನ್ನು ಸ್ಟಿಯರಿಂಗಿಗೆ ಕಟ್ಟುತ್ತೇನೆ. ನಾಲ್ಕೂ ಜಾಕಿ ಮೇಲೆ ಹೋಗಿವೆಯೆಂದು ಸುತ್ತಿ ಬಂದ ಮೇಲೇ ಬಿಚ್ಚುವುದು. ಅತ್ತೆಯ ಇನ್ಸುಲಿನ್ ಪಕ್ಕದಲ್ಲಿ ಈಗ ಒಂದು ಪುಟ್ಟ ಉಷ್ಣಮಾಪಕವಿದೆ. ಗಾಡಿ ನಿಂತ ಮೇಲೆ ಅತ್ತೆಯೇ ತಟ್ಟೆಯಲ್ಲಿ ನೀರು ಹಾಕಿ ನೋಡಿ “ಆಯ್ತು, ಒಲೆ ಹಚ್ಚು” ಅನ್ನುವವರೆಗೆ ನಮ್ಮಲ್ಲಿ ಯಾರೂ ಫ್ರಿಜ್ಜು ಹಚ್ಚುವುದಿಲ್ಲ. ಹಲಗೆಗಳನ್ನು ಮಾತ್ರ ಹೊರಡುವಾಗ ಎಣಿಸಿಕೊಳ್ಳಿ. ನಮ್ಮವು ಎರಡು ಅಲ್ಲೇ ಉಳಿದುಹೋದವು.